ಕೀಲು ಕೂಡಿಸುವ ಕೈಗಳು

ಲಾಲ್‌ಬಾಗಿನ ದಕ್ಷಿಣದ ಎಲ್ಲೆಯನ್ನು ದಾಟಿದೊಡನೆಯೇ ರಾಗಿಯ ಹೊಲಗಳೂ ತಿಗಳರ ಹೂವು ತರಕಾರಿಗಳ ತೋಟಗಳೂ ಕೆರೆಯ ಏರಿಗಳೂ ಎದುರಾಗುತ್ತಿದ್ದ ಕಾಲವೊಂದಿದ್ದಿತು. 1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಬೀಳುವುದಕ್ಕೆ ಮುಂಚಿನ ಆ ಕಾಲದಲ್ಲಿ, ಸಿದ್ದಾಪುರ, ಕನಕನಪಾಳ್ಯ, ಯಡಿಯೂರು, ಭೈರಸಂದ್ರ, ಸಾರಕ್ಕಿ, ಜರಗನಹಳ್ಳಿ, ಕತ್ರಿಗುಪ್ಪೆ, ತಾವರೆಕೆರೆ, ಮಡಿವಾಳ ಮೊದಲಾದ ಗ್ರಾಮಗಳ ರೈತನೊಬ್ಬನು ತೆಂಗಿನ ಮರದಿಂದ ಬಿದ್ದು ಹೆಗಲಿನ ಕೀಲನ್ನು ತಪ್ಪಿಸಿಕೊಂಡರೆ, ಅಥವಾ ಕಪಿಲೆ ಹೊಡೆಯುವಾಗ ಕಾಲು ಜಾರಿ ಹರಡನ್ನು ಉಳುಕಿಸಿಕೊಂಡರೆ, ಆತನು ಯಾರ ಬಳಿಗೆ ಹೋಗುತ್ತಿದ್ದನೆಂಬುದು ಇಂದಿನ ಬಡಾವಣೆಗಳ ನಿವಾಸಿಗೆ ಸುಲಭವಾಗಿ ಹೊಳೆಯುವ ಪ್ರಶ್ನೆಯಲ್ಲ. ಕೋಟೆಯ ಬಳಿಯಲ್ಲಿ ವಿಕ್ಟೋರಿಯಾ ಆಸ್ಪತ್ರೆ 1900ರಿಂದಲೂ ಬಾಗಿಲು ತೆರೆದುಕೊಂಡು ನಿಂತಿದ್ದಿತು, ನಿಜ. ಆದರೆ ಆಸ್ಪತ್ರೆಯೆಂದರೆ ಸಾಯುವವರು ಹೋಗುವ ಸ್ಥಳವೆಂದೂ, ಅಲ್ಲಿ ಕಾಲು ನೋವೆಂದವರ ಕಾಲನ್ನೇ ಕತ್ತರಿಸಿಬಿಡುವರೆಂದೂ ನಂಬಿದ್ದ ಜನಕ್ಕೆ ಅದು ಗಾಡಿಯ ದಾರಿಗಿಂತ ದೂರವಾಗಿದ್ದಿತು. ಕೀಲು ತಪ್ಪಿದವನು ಹೋಗುತ್ತಿದ್ದದ್ದು ಗರಡಿಯ ಉಸ್ತಾದನ ಬಳಿಗೆ. ಮೂಳೆ ಮುರಿದವನು ಹೋಗುತ್ತಿದ್ದದ್ದು ಕಟ್ಟು ಕಟ್ಟುವವನ ಬಳಿಗೆ. ಎಳೆಯ ಮಗುವಿನ ಕೈ ಮೇಲೇಳದಿದ್ದರೆ ತಾಯಿ ಓಡುತ್ತಿದ್ದದ್ದು ಮಕ್ಕಳಿಗೆ ಎಣ್ಣೆ ನೀರು ಎರೆಯುವ ಮುದುಕಿಯ ಬಳಿಗೆ. ಮಾನವದೇಹದ ಸಂಧಿಗಳ ರಚನೆಯನ್ನೂ ಚಲನೆಯನ್ನೂ ಬೆರಳ ತುದಿಯಿಂದಲೇ ಓದಬಲ್ಲ ಈ ಮೂರು ಬಗೆಯ ಕೈಗಳ ಚರಿತ್ರೆಯನ್ನು ಯಾರೂ ಬರೆದಿಟ್ಟಿಲ್ಲ. ಬರೆದಿಡದೆ ಹೋದುದರಿಂದ ಆದ ಹಾನಿಯೇನೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಬರೆದಿಟ್ಟದ್ದು ಏನೂ ಇಲ್ಲವೆಂದರೆ ತಪ್ಪಾದೀತು. ಈ ದೇಶದಲ್ಲಿ ಸಂಧಿಗಳ ವಿಷಯವಾಗಿ ಬರೆದ ಗ್ರಂಥವು ಅತಿ ಪ್ರಾಚೀನವಾದದ್ದೂ ಅತಿ ಸೂಕ್ಷ್ಮವಾದದ್ದೂ ಆಗಿದೆ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ದೇಹದ ಸಂಧಿಗಳನ್ನು 210 ಎಂದು ಎಣಿಸಿ, ಕೈಕಾಲುಗಳಲ್ಲಿ 68, ಮುಂಡದಲ್ಲಿ 59, ಕುತ್ತಿಗೆಯಿಂದ ಮೇಲೆ 83 ಎಂದು ವಿಭಾಗಿಸಿ, ಚಲಿಸುವವು, ಸ್ಥಿರವಾಗಿ ನಿಲ್ಲುವವು ಎಂದು ಬೇರ್ಪಡಿಸಿ, ಆಕಾರವನ್ನನುಸರಿಸಿ ಎಂಟು ಜಾತಿಗಳನ್ನು ಹೇಳಿದೆ. ಬೆರಳು, ಮಣಿಕಟ್ಟು, ಹರಡು, ಮಂಡಿ, ಮೊಣಕೈಗಳಲ್ಲಿರುವುದು ಕೋರಸಂಧಿ. ಒರಳಿನಂತೆ ಗುಳಿಬಿದ್ದ ಮೂಳೆಯೊಳಗೆ ಗುಂಡಾದ ಮೂಳೆಯ ತಲೆ ತಿರುಗುವ ಕಂಕುಳು ತೊಡೆಸಂದುಗಳದು ಉಲೂಖಲ. ಬೆನ್ನುಮೂಳೆ ಕುತ್ತಿಗೆಗಳದು ಪ್ರತರ. ತಲೆಬುರುಡೆಯ ಹಲಗೆಗಳನ್ನು ಹೊಲಿದಂತೆ ಸೇರಿಸಿರುವುದು ತುನ್ನಸೇವನೀ. ದವಡೆಯ ಎರಡು ಪಕ್ಕಗಳಲ್ಲಿರುವುದು ಕಾಗೆಯ ಕೊಕ್ಕನ್ನು ನೆನಪಿಗೆ ತರುವ ವಾಯಸತುಂಡ. ಇಂದಿನ ಅಂಗರಚನಾಶಾಸ್ತ್ರದ ತಿರುಗಣಿ ಕೀಲು, ಗುಂಡು-ಗುಳಿ ಕೀಲುಗಳೆಂಬ ವಿಭಾಗಗಳ ಪಕ್ಕದಲ್ಲಿ ಇವನ್ನಿಟ್ಟು ನೋಡಿದರೆ, ಹಲ್ಲುಗಳ ಬೇರನ್ನೂ ಶ್ವಾಸನಾಳದ ಬಳೆಗಳನ್ನೂ ಸಂಧಿಗಳೆಂದೇ ಎಣಿಸಿದ್ದರಿಂದ ಲೆಕ್ಕ ಹೊಂದದಿದ್ದರೂ, ಕೈಕಾಲುಗಳ ಮಟ್ಟಿಗೆ ನೋಟವು ಆಶ್ಚರ್ಯಕರವಾಗಿ ಹೊಂದುತ್ತದೆ. ಶವವನ್ನು ಹುಲ್ಲಿನಲ್ಲಿ ಸುತ್ತಿ, ಪಂಜರದೊಳಗಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಯಿಸಿ, ಆಮೇಲೆ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜಿ ಪದರ ಪದರವಾಗಿ ನೋಡಬೇಕೆಂದು ವಿಧಿಸಿದವನ ನೋಟ ಹೊಂದದೆ ಇನ್ನೇನಾದೀತು! ಎಣ್ಣೆ ಹಾಕಿದ ಅಚ್ಚಿನ ಮೇಲೆ ಚಕ್ರವು ಸರಾಗವಾಗಿ ತಿರುಗುವಂತೆ ಶ್ಲೇಷ್ಮದಿಂದ ನೆನೆದ ಸಂಧಿಗಳು ಚಲಿಸುತ್ತವೆಯೆಂದು ಆತನು ಹೇಳಿದುದೂ ಅಷ್ಟೇ ನಿಜ. ಮೃದ್ವಸ್ಥಿಯ ಹೊದಿಕೆಗೆ ಸ್ವಂತ ರಕ್ತನಾಳಗಳಿಲ್ಲ. ಕೀಲಿನ ಚೀಲದೊಳಗೆ ಒಸರುವ ಲೋಳೆಯಂಥ ದ್ರವವೇ ಅದಕ್ಕೆ ಆಹಾರ, ಮತ್ತು ಕೀಲು ಆಡಿದಾಗ ಒತ್ತಡ ಏರಿಳಿದು ಆ ದ್ರವವು ಒಳಹೊರಗೆ ಓಡಾಡಿದರೆ ಮಾತ್ರ ಆ ಆಹಾರ ಸಲ್ಲುತ್ತದೆ. ಆಡದ ಕೀಲು ಉಪವಾಸ ಬೀಳುತ್ತದೆ.

ಚಿಕಿತ್ಸಾಸ್ಥಾನದಲ್ಲಿ ಮೂಳೆ ಮುರಿದುದನ್ನೂ ಕೀಲು ತಪ್ಪಿದುದನ್ನೂ ಸರಿಪಡಿಸುವ ಅಧ್ಯಾಯವಿದೆ. ಹೆಗಲಿನ ಕೀಲು ತಪ್ಪಿದಾಗ ಕಂಕುಳಿಗೆ ಒನಕೆಯನ್ನು ಕೊಟ್ಟು ಮೇಲೆತ್ತಿ, ಸ್ವಸ್ಥಾನಕ್ಕೆ ಬಂದ ಮೇಲೆ ಸ್ವಸ್ತಿಕಾಕಾರದ ಕಟ್ಟು ಕಟ್ಟಬೇಕು. ಅತ್ತಿ, ಅರಳಿ, ಮುತ್ತುಗ, ಮತ್ತಿ, ಬಿದಿರು, ಆಲ ಮೊದಲಾದವುಗಳ ತೊಗಟೆಯನ್ನು ದಬ್ಬೆಯಾಗಿ ಬಳಸಬೇಕು. ಕಟ್ಟನ್ನು ತಂಪು ಋತುವಿನಲ್ಲಿ ಏಳು ದಿನಕ್ಕೊಮ್ಮೆ, ಸಾಧಾರಣ ಋತುವಿನಲ್ಲಿ ಐದು ದಿನಕ್ಕೊಮ್ಮೆ, ಬೇಸಗೆಯಲ್ಲಿ ಮೂರು ದಿನಕ್ಕೊಮ್ಮೆ ಬಿಚ್ಚಿ ಕಟ್ಟಬೇಕು. ಇಷ್ಟು ಹೇಳಿ ಗ್ರಂಥಕಾರನು ಒಂದು ಎಚ್ಚರಿಕೆಯನ್ನು ಸೇರಿಸುತ್ತಾನೆ: ಕಟ್ಟು ಸಡಿಲವಾದರೆ ಸಂಧಿಗೆ ಸ್ಥಿರತೆ ಬಾರದು, ಬಿಗಿಯಾದರೆ ಚರ್ಮಾದಿಗಳಲ್ಲಿ ಬಾವು, ನೋವು, ಕೀವು ಹುಟ್ಟುವುವು. ಈ ಎಚ್ಚರಿಕೆಯನ್ನು ಓದುಗರು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ. ಮುಂದೆ ಅದಕ್ಕೆ ಕೆಲಸವಿದೆ. ಕೈ ಕೂಡಿದ ಮೇಲೆ ರೋಗಿಯು ಮೊದಲು ಮಣ್ಣಿನ ಉಂಡೆಯನ್ನು ಹಿಡಿಯಬೇಕು, ತರುವಾಯ ಉಪ್ಪಿನ ಗಡ್ಡೆಯನ್ನು, ಬಲ ಬಂದ ಮೇಲೆ ಕಲ್ಲನ್ನು ಎಂಬ ವಿಧಿಯೂ ಅಲ್ಲಿದೆ. ಜೆ.ಪಿ. ನಗರದ ಯಾವುದಾದರೊಂದು ಫಿಸಿಯೋಥೆರಪಿ ಕೊಠಡಿಗೆ ಹೋದರೆ ಮೆತ್ತನೆಯ ಚೆಂಡಿನಿಂದ ಆರಂಭಿಸಿ ಗಟ್ಟಿ ಚೆಂಡಿಗೆ ಏರಿಸುವ ಕ್ರಮವನ್ನು ಈಗಲೂ ಕಾಣಬಹುದು; ವ್ಯತ್ಯಾಸವೇನೆಂದರೆ ಚೆಂಡು ರಬ್ಬರಿನದು.

ಇಷ್ಟೆಲ್ಲ ತಿಳಿದಿದ್ದ ಶಾಸ್ತ್ರವು ಯಡಿಯೂರಿನ ಕಟ್ಟು ಕಟ್ಟುವವನ ಕೈಗೆ ಏಕೆ ತಲಪಲಿಲ್ಲ? ಓದುಬರಹವುಳ್ಳ ಪಂಡಿತವೈದ್ಯರು ಕಾಲಕ್ರಮದಲ್ಲಿ ನಾಡಿಯನ್ನು ಹಿಡಿಯುವುದರಲ್ಲಿ, ಲೇಹ್ಯ ಭಸ್ಮಗಳನ್ನು ಕೊಡುವುದರಲ್ಲಿ ತೃಪ್ತರಾಗಿ, ರಕ್ತ ಕೀವುಗಳನ್ನು ಮುಟ್ಟುವ, ಮೈಮೇಲೆ ಕಾಲಿಟ್ಟು ಎಳೆಯುವ ಕೆಲಸವನ್ನು ಅನ್ಯರಿಗೆ ಬಿಟ್ಟುಕೊಟ್ಟರೆಂಬುದು ನನ್ನ ಊಹೆ. ಪುಸ್ತಕ ಒಂದು ಬೀದಿಯಲ್ಲಿ ಉಳಿಯಿತು, ಕೈ ಇನ್ನೊಂದು ಬೀದಿಯಲ್ಲಿ ಉಳಿಯಿತು. ಇಬ್ಬರಿಗೂ ಮಾತುಕತೆ ನಿಂತುಹೋಯಿತು.

ಗರಡಿಯ ಕೈ ಮಾತ್ರ ರಾಜಾಶ್ರಯವನ್ನು ಕಂಡ ಕೈ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ಮಲ್ಲವಿನೋದವೆಂಬ ಪ್ರಕರಣದಲ್ಲಿ ಜಟ್ಟಿಗಳ ವರ್ಗಗಳೂ, ಅವರ ಆಹಾರವೂ, ಭಾರವೆತ್ತುವ, ಓಡಾಡುವ, ಈಜುವ, ತೋಳು ತೋಳಿಗೆ ಒತ್ತಿ ಹೋರುವ, ಕಂಬವನ್ನು ಹತ್ತುವ ನಾನಾ ಶ್ರಮಗಳೂ ವರ್ಣಿತವಾಗಿವೆ. ಎದುರಾಳಿಯ ಯಾವ ಕೀಲನ್ನು ಯಾವ ದಿಕ್ಕಿಗೆ ತಿರುಗಿಸಿದರೆ ಆತನು ಮಣಿಯುವನೆಂಬುದೇ ಕುಸ್ತಿಯ ತಿರುಳಾದುದರಿಂದ, ಕೀಲನ್ನು ಕಳಚಬಲ್ಲವನೇ ಕೂಡಿಸಬಲ್ಲವನೂ ಆಗುವುದು ಸಹಜ. ಬೆಂಗಳೂರು ಪೇಟೆಯ ಗರಡಿಗಳೂ, ಧರ್ಮರಾಯನ ಕರಗದ ವೀರಕುಮಾರರು ಸಾಮು ಮಾಡುತ್ತಿದ್ದ ಗರಡಿಗಳೂ, ಸುತ್ತಣ ಹಳ್ಳಿಗಳ ಸಣ್ಣ ಗರಡಿಮನೆಗಳೂ ಈ ವಿದ್ಯೆಯ ಪಾಠಶಾಲೆಗಳಾಗಿದ್ದವು. ತಗ್ಗಾದ ಬಾಗಿಲು, ಒಳಗೆ ಎಣ್ಣೆ ಅರಿಸಿನಗಳನ್ನು ಕಲಸಿ ಹದಮಾಡಿದ ಕೆಮ್ಮಣ್ಣಿನ ಮಟ್ಟಿ, ಗೋಡೆಯ ಗೂಡಿನಲ್ಲಿ ಆಂಜನೇಯ, ಮೂಲೆಯಲ್ಲಿ ಗದೆ ಲೋಡುಗಳು: ಬೆಳಗಿನ ಜಾವ ದಂಡ ಬಸ್ಕಿಗಳಾದ ಮೇಲೆ, ಮೈಕಾಯಿಸಿದ ಹುಡುಗರ ಉಳುಕು ತೆಗೆಯಿಸಿಕೊಳ್ಳುವ ಸರದಿ. ಹೊರಗಿನವರೂ ಜಗುಲಿಯ ಮೇಲೆ ಕಾದಿರುತ್ತಿದ್ದರು. ಆ ವಿದ್ಯೆಗೆ ದರವಿರಲಿಲ್ಲ. ಆಂಜನೇಯನ ಮುಂದೆ ತೆಂಗಿನಕಾಯಿ ಒಡೆದು ವೀಳ್ಯದೆಲೆಯ ಮೇಲೆ ಕಾಣಿಕೆಯಿಟ್ಟರೆ ಸಾಕು.

ಹೆಗಲಿನ ಕೀಲು ನಮ್ಮ ದೇಹದಲ್ಲಿ ಅತಿ ಸ್ವತಂತ್ರವಾದ ಕೀಲು. ಆದುದರಿಂದಲೇ ಅತಿ ಅಭದ್ರವಾದದ್ದು. ತೋಳುಮೂಳೆಯ ತಲೆ ದೊಡ್ಡದು, ಹೆಗಲ ಹಲಗೆಯ ಗುಳಿ ತಟ್ಟೆಯಂತೆ ಆಳವಿಲ್ಲದ್ದು. ತಲೆಯ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಭಾಗವನ್ನು ಅದು ಯಾವ ಕಾಲಕ್ಕೂ ಹಿಡಿಯಲಾರದು. ಉಳಿದುದೆಲ್ಲ ಸ್ನಾಯುರಜ್ಜುಗಳ ಬಲ. ಬಿದ್ದಾಗ ತಲೆಯು ಬಹುಮಟ್ಟಿಗೆ ಮುಂದಕ್ಕೆ ಜಾರಿ ಕಂಕುಳಿನ ಬಳಿ ನಿಲ್ಲುತ್ತದೆ. ಸುತ್ತಲಿನ ಮಾಂಸಖಂಡಗಳು ನೋವಿಗೆ ಹೆದರಿ ಬಿಗಿಹಿಡಿಯುತ್ತವೆ. ಆ ಬಿಗಿಯೇ ಕೀಲು ಮರಳಿ ಕೂಡದಂತೆ ಮಾಡುವ ಶತ್ರು. ಆಧುನಿಕ ವೈದ್ಯನು ಈ ಬಿಗಿಯನ್ನು ಸೂಜಿಮದ್ದಿನಿಂದ ಬಿಡಿಸುತ್ತಾನೆ. ಉಸ್ತಾದನು ಮಾತಿನಿಂದ ಬಿಡಿಸುತ್ತಿದ್ದನು. ರೋಗಿಯನ್ನು ನೆಲದ ಮೇಲೆ ಕೂಡಿಸಿ, ಬೆಚ್ಚಗಿನ ಎಣ್ಣೆ ಹಚ್ಚಿ, ಯಾವ ಊರು, ಮಳೆ ಬಂತೆ, ಎತ್ತು ಕೊಂಡದ್ದು ಎಷ್ಟಕ್ಕೆ ಎಂದು ಕೇಳುತ್ತ ಕೇಳುತ್ತ ತೋಳನ್ನು ನೀಳವಾಗಿ ಎಳೆದು ಹೊರಕ್ಕೆ ತಿರುಗಿಸಿ, ರೋಗಿಯು ಎತ್ತಿನ ಬೆಲೆಯನ್ನು ಹೇಳುವ ಮೊದಲೇ ಲೊಟಕ್ಕೆಂದು ಕೂಡಿಸಿಬಿಡುತ್ತಿದ್ದನು. ಗ್ರೀಸಿನ ಹಿಪೊಕ್ರೆಟೀಸನು ಕಂಕುಳಿಗೆ ಹಿಮ್ಮಡಿಯನ್ನು ಕೊಟ್ಟು ಎಳೆದಂತೆ, 1870ರಲ್ಲಿ ಸ್ವಿಟ್ಜರ್ಲೆಂಡಿನ ಥಿಯೊಡೋರ್ ಕೋಖರನು ತಿರುಗಿಸುವ ಕ್ರಮವನ್ನು ಬರೆದಂತೆ, ಕಂಕುಳಿಗೆ ಕಾಲಿಡುವ, ತೋಳು ತಿರುಗಿಸುವ ಪಟ್ಟುಗಳನ್ನು ಗರಡಿಗಳೂ ತಮ್ಮಷ್ಟಕ್ಕೆ ಕಂಡುಕೊಂಡಿದ್ದವು. ಕೋಖರನ ಹೆಸರು ಪಠ್ಯಪುಸ್ತಕದಲ್ಲಿ ನಿಂತಿತು; ಉಸ್ತಾದನ ಹೆಸರು ಆತನ ಶಿಷ್ಯರ ಬಾಯಲ್ಲಿ ಒಂದು ತಲೆಮಾರು ಉಳಿದು ಅಳಿಯಿತು.

ಹೆಂಗಸರ ಕೈಗೆ ಅಷ್ಟು ಕೀರ್ತಿಯೂ ಸಲ್ಲಲಿಲ್ಲ. ನನ್ನ ಅಭಿಪ್ರಾಯದಲ್ಲಿ ಮೂರು ಕೈಗಳಲ್ಲಿ ಅತ್ಯಂತ ಸೂಕ್ಷ್ಮವಾದದ್ದು ಅದೇ. ಬಾಣಂತಿಯ ಕೋಣೆಯಲ್ಲಿ ಹಂಡೆಯ ನೀರು ಕಾದು ಹೊಗೆಯಾಡುತ್ತಿರಲು, ಮುದುಕಿಯೊಬ್ಬಳು ಕಾಲುಗಳನ್ನು ನೀಡಿ ಕುಳಿತು, ಕೂಸನ್ನು ಮೊಳಕಾಲುಗಳ ಮೇಲೆ ಮಲಗಿಸಿಕೊಂಡು, ಹರಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ನೆತ್ತಿಯಿಂದ ಅಂಗಾಲಿನವರೆಗೆ ಹಚ್ಚಿ, ಬಲಗೈಯನ್ನು ಎಡಗಾಲಿಗೆ, ಎಡಗೈಯನ್ನು ಬಲಗಾಲಿಗೆ ಮುಟ್ಟಿಸಿ, ಎರಡು ಕೈಗಳನ್ನೂ ಎದೆಯ ಮೇಲೆ ಅಡ್ಡಹಾಯಿಸಿ, ಮಂಡಿಗಳನ್ನು ಹೊಟ್ಟೆಗೆ ಮಡಿಸಿ ಬಿಡಿಸುವ ಕ್ರಮವನ್ನು ನೋಡಿದವರಿಗೆ, ಅದು ದೇಹದ ಚಲಿಸುವ ಸಂಧಿಗಳನ್ನೆಲ್ಲ ದಿನಕ್ಕೊಮ್ಮೆ ಎಣಿಸಿ ಪರೀಕ್ಷಿಸುವ ಕ್ರಮವೆಂಬುದು ತಿಳಿಯುತ್ತದೆ. ಯಾವ ಕಾಲು ಇನ್ನೊಂದರಷ್ಟು ಬಿಚ್ಚಿಕೊಳ್ಳದು, ಯಾವ ತೊಡೆಯಲ್ಲಿ ಮಡಿಕೆ ಹೆಚ್ಚು ಎಂಬುದು ಆಕೆಯ ಕೈಗೆ ಮೊದಲು ಗೊತ್ತಾಗುತ್ತಿದ್ದಿತು. ಹುಟ್ಟುವಾಗ ತೊಡೆಮೂಳೆಯ ತಲೆ ಇನ್ನೂ ಮೃದ್ವಸ್ಥಿಯೇ. ಅದು ಗುಳಿಯೊಳಗೆ ಸರಿಯಾಗಿ ಕುಳಿತರೆ ಮಾತ್ರ ಗುಳಿ ಸರಿಯಾಗಿ ರೂಪುಗೊಳ್ಳುತ್ತದೆ. ಕಾಲುಗಳನ್ನು ನೆಟ್ಟಗೆ ಜೋಡಿಸಿ ಬಿಗಿಯಾಗಿ ಸುತ್ತುವ ದೇಶಗಳಲ್ಲಿ ತೊಡೆಸಂದು ಜಾರಿದ ಮಕ್ಕಳು ಹೆಚ್ಚು, ಮಗುವನ್ನು ಸೊಂಟದ ಮೇಲೆ ಕವಚಿ ಕಾಲು ಅಗಲಿಸಿ ಎತ್ತಿಕೊಳ್ಳುವ ಸಮಾಜಗಳಲ್ಲಿ ಕಡಿಮೆಯೆಂದು ವೈದ್ಯರು ಕಂಡುಕೊಂಡಿದ್ದಾರೆ. ನಮ್ಮ ತಾಯಂದಿರು ಕೂಸನ್ನು ಕಂಕುಳಲ್ಲಿ ಹೊತ್ತು ನೀರಿಗೆ ಹೋದದ್ದು ಕೀಲಿನ ಹಿತಕ್ಕಾಗಿ ಅಲ್ಲ, ಒಂದು ಕೈ ಕೊಡಕ್ಕೆ ಬೇಕೆಂದು, ಆದರೂ ಹಿತವಾಯಿತು.

ಎರಡು ಮೂರು ವರ್ಷದ ಮಗುವನ್ನು ರಸ್ತೆ ದಾಟಿಸುವಾಗ ಮುಂಗೈ ಹಿಡಿದು ಜಗ್ಗಿದರೆ ಮೊಣಕೈಯ ಬಳಿ ಮುಂದೋಳಿನ ಹೊರಮೂಳೆಯ ಸಣ್ಣ ತಲೆಯನ್ನು ಸುತ್ತಿರುವ ಉಂಗುರದಂಥ ಕಟ್ಟು ಜಾರಿಬಿಡುವುದುಂಟು. ಮಗು ಅಳುತ್ತ ಕೈಯನ್ನು ಜೋಲುಬಿಡುತ್ತದೆ, ಬಾವಿಲ್ಲ, ಗಾಯವಿಲ್ಲ. ಎರೆಯುವ ಅಜ್ಜಿಯು ಮಗುವಿಗೆ ಬೆಲ್ಲದ ಚೂರನ್ನು ತೋರಿಸುತ್ತ ಅಂಗೈಯನ್ನು ಮೇಲ್ಮುಖ ಮಾಡಿ ಮೊಣಕೈಯನ್ನು ಮಡಿಸಿದರೆ ಕಟ್ಟು ಸ್ವಸ್ಥಾನಕ್ಕೆ ಬಂದು, ಮಗು ಅದೇ ಕೈಯಿಂದ ಬೆಲ್ಲವನ್ನು ಕಿತ್ತುಕೊಳ್ಳುತ್ತದೆ. ಈ ಕಾಯಿಲೆಗೆ ಇಂದಿನ ಮಕ್ಕಳ ವೈದ್ಯರು ಮಾಡುವುದೂ ಇದನ್ನೇ. ಬೆಲ್ಲದ ಬದಲು ಚಾಕೊಲೇಟನ್ನು ತೋರಿಸುತ್ತಾರೆ.

ಇಂಥ ಕುಶಲತೆಯ ಸುತ್ತ ನಂಬಿಕೆಗಳೂ ಬಳ್ಳಿಯಂತೆ ಹಬ್ಬಿಕೊಂಡಿದ್ದವು. ನಡು ಹಿಡಿದುಕೊಂಡರೆ ಕಾಲು ಮುಂದಾಗಿ ಹುಟ್ಟಿದವರಿಂದ ಒದೆಯಿಸಿಕೊಳ್ಳಬೇಕೆಂಬ ಪದ್ಧತಿಯಿಂದ, ಹಾಗೆ ಹುಟ್ಟಿದ ಎಷ್ಟೋ ಸಾಧುಮನುಷ್ಯರು ಜೀವಮಾನವೆಲ್ಲ ಹಿರಿಯರ ಸೊಂಟಕ್ಕೆ ಒದೆಯಬೇಕಾಗಿ ಬಂದಿತು. ಸೊಂಟದ ಉಳುಕು ಬಹುಮಟ್ಟಿಗೆ ತಾನಾಗಿಯೇ ಕೆಲವು ದಿನಗಳಲ್ಲಿ ಇಳಿಯುವುದಾದುದರಿಂದ ಒದೆಗೆ ಯಶಸ್ಸು ತಪ್ಪುತ್ತಿರಲಿಲ್ಲ. ಮಗುವಿಗೆ ದೃಷ್ಟಿಯಾದರೆ ಅಜ್ಜಿಯು ತನ್ನ ಹಣೆಯ ಪಕ್ಕಕ್ಕೆ ಬೆರಳುಗಳನ್ನೊತ್ತಿ ನೆಟಿಗೆ ಮುರಿಯುವಳು. ಎಷ್ಟು ನೆಟಿಗೆ ಬಿದ್ದರೆ ಅಷ್ಟು ದೃಷ್ಟಿ. ಆ ಸಪ್ಪಳವು ಮೂಳೆಗೆ ಮೂಳೆ ತಾಗಿದ್ದಲ್ಲ. 1947ರಲ್ಲಿ ಲಂಡನ್ನಿನ ಇಬ್ಬರು ಸಂಶೋಧಕರು ಎಕ್ಸ್‌ರೇ ಹಿಡಿದು ನೋಡಿ, ಬೆರಳ ಕೀಲು ಎಳೆದಾಗ ಒಳಗಿನ ದ್ರವದಲ್ಲಿ ಅನಿಲದ ಪೊಳ್ಳು ಉಂಟಾಗುವುದನ್ನು ಕಂಡರು. 2015ರಲ್ಲಿ ಕೆನಡಾದಲ್ಲಿ ಎಂ.ಆರ್.ಐ. ಯಂತ್ರದೊಳಗೆ ಬೆರಳಿಟ್ಟು ನೋಡಿದಾಗಲೂ ಸಪ್ಪಳದ ಕ್ಷಣದಲ್ಲಿಯೇ ಪೊಳ್ಳು ತೋರಿತು. ಅನಿಲವು ಮರಳಿ ಕರಗುವುದಕ್ಕೆ ಇಪ್ಪತ್ತು ನಿಮಿಷಗಳಷ್ಟು ಬೇಕಾದುದರಿಂದ ಅದೇ ಬೆರಳಿನಲ್ಲಿ ಕೂಡಲೇ ಎರಡನೆಯ ನೆಟಿಗೆ ಬೀಳದು. ದೃಷ್ಟಿ ಒಂದೇ ಸಲಕ್ಕೆ ಪೂರ್ತಿ ಹೋಯಿತೆಂದು ಅಜ್ಜಿಗೆ ಸಮಾಧಾನ.

ಇಪ್ಪತ್ತನೆಯ ಶತಮಾನದಲ್ಲಿ ಬೆಂಗಳೂರಿನ ಓದುಬಲ್ಲ ಜನ ಗರಡಿಯ ಕಡೆಗೆ ತಿರುಗಿ ನೋಡಿದಾಗ ಈ ಕಥೆಗೆ ಹೊಸ ತಿರುವು ಬಂದಿತು. 1896ರಷ್ಟು ಹಿಂದೆಯೇ ಬೆಂಗಳೂರಿನಲ್ಲಿ ಭಾರದ್ವಾಜರೆಂಬವರ ‘ವ್ಯಾಯಾಮದೀಪಿಕೆ’ ಅಚ್ಚಾಗಿ, ದಂಡ ಬಸ್ಕಿಗಳು ಪುಸ್ತಕವನ್ನೇರಿದ್ದವು. ಲಾಲ್‌ಬಾಗಿನ ಉತ್ತರಕ್ಕೆ ಜೆ.ಸಿ. ರಸ್ತೆಯಲ್ಲಿ ವ್ಯಾಯಾಮಶಾಲೆಯನ್ನು ನಡೆಸಿದ ಕೆ.ವಿ. ಅಯ್ಯರ್ ಅವರನ್ನು ಕನ್ನಡಿಗರು ‘ಶಾಂತಲಾ’ ಕಾದಂಬರಿಯ ಕರ್ತೃವೆಂದು ಬಲ್ಲರು. ಅವರು 1930ರಲ್ಲಿ ಮಾಂಸಖಂಡಗಳ ಸಾಧನೆಯ ವಿಷಯವಾಗಿ ಇಂಗ್ಲಿಷಿನಲ್ಲಿ ಗ್ರಂಥ ಬರೆದು, ಅಂಚೆಯ ಮೂಲಕ ದೇಶದೇಶಾಂತರದ ಶಿಷ್ಯರಿಗೆ ವ್ಯಾಯಾಮವನ್ನು ಕಲಿಸಿದವರೂ ಹೌದು. ಅವರ ಸಹಚರರಾದ ಯೋಗಿ ಸುಂದರಂ ಬೆಂಗಳೂರಿನಿಂದಲೇ ಚಿತ್ರಸಹಿತವಾದ ಆಸನಗ್ರಂಥವನ್ನು ಹೊರತಂದರು. ಇತ್ತ ಮೈಸೂರಿನಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯು 1933ರಲ್ಲಿ ಆರಂಭವಾಗಿ, ಚಿತ್ರದುರ್ಗ ಸೀಮೆಯ ತಿರುಮಲೈ ಕೃಷ್ಣಮಾಚಾರ್ಯರು ಮರುವರ್ಷ ‘ಯೋಗಮಕರಂದ’ವನ್ನು ಕನ್ನಡದಲ್ಲಿಯೇ ಪ್ರಕಟಿಸಿದರು. ಅದಕ್ಕೂ ಹಿಂದೆ ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯಲ್ಲಿ 122 ಆಸನಗಳ ಚಿತ್ರಗಳಿದ್ದುವು, ಅವುಗಳಲ್ಲಿ ಕೆಲವು ಗರಡಿಯ ಸಾಮುಗಳೇ ಎಂದೂ, ಮೈಸೂರು ಅರಮನೆಯ ಯೋಗಪರಂಪರೆಗೂ ಕುಸ್ತಿಯ ಅಂಗಸಾಧನೆಗೂ ಹತ್ತಿರದ ನಂಟೆಂದೂ ಎನ್.ಇ. ಸ್ಯೋಮನ್ 1996ರ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಕೃಷ್ಣಮಾಚಾರ್ಯರ ಶಿಷ್ಯ, ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ಯರು ಬಾಲ್ಯದ ರೋಗಗಳಿಂದ ಬಡಕಲಾದ, ಮಣಿಯದ ಮೈಯಿಂದ ಆರಂಭಿಸಿ, ಹಗ್ಗ, ಇಟ್ಟಿಗೆ, ಪಟ್ಟಿಗಳ ಆಸರೆಯಿಂದ ಆಸನವನ್ನು ಆಯಾ ವ್ಯಕ್ತಿಯ ಕೀಲಿಗೆ ಹೊಂದಿಸಿಕೊಡುವ ಮಾರ್ಗವನ್ನು ಜಗತ್ತಿಗೆ ಕಲಿಸಿದರು. ಇಂದು ಬನಶಂಕರಿಯ ಉದ್ಯಾನಗಳಲ್ಲಿ ಬೆಳಗ್ಗೆ ಚಾಪೆ ಹಾಸುವವರಲ್ಲಿ ಎಷ್ಟು ಮಂದಿಗೆ ತಾವು ಮಾಡುವುದರಲ್ಲಿ ಗರಡಿಯ ಪಾಲಿದೆಯೆಂಬುದು ಗೊತ್ತು? ಮೈಯನ್ನು ಬಲಪಡಿಸುವ ಗರಡಿಯ ಅರ್ಧವು ಹೀಗೆ ಅಚ್ಚಿನ ಮರ್ಯಾದೆ ಪಡೆದು ಲೋಕಮಾನ್ಯವಾಯಿತು. ತಪ್ಪಿದ ಕೀಲನ್ನು ಕೂಡಿಸುವ ಇನ್ನರ್ಧಕ್ಕೆ ಅಯ್ಯರೂ ದೊರೆಯಲಿಲ್ಲ, ಆಚಾರ್ಯರೂ ದೊರೆಯಲಿಲ್ಲ.

ಜಯನಗರವು ಬ್ಲಾಕು ಬ್ಲಾಕಾಗಿ ಬೆಳೆದು, ಭೈರಸಂದ್ರ, ತಾವರೆಕೆರೆ, ಮಡಿವಾಳಗಳೆಂಬ ಮೂರು ಊರುಗಳು ಮೂರು ಇಂಗ್ಲಿಷ್ ಅಕ್ಷರಗಳಾಗಿ ಉಳಿದು, ಹೊಲಗಳೆಲ್ಲ ಸೈಟುಗಳಾದ ಮೇಲೆ ಗರಡಿಗಳ ಮಣ್ಣು ಒಣಗಿತು. ಮನೆಗಳ ಒಳಗೂ ಒಂದು ಮಾರ್ಪಾಡು ಸದ್ದಿಲ್ಲದೆ ನಡೆಯಿತು. ಚಕ್ಕಂಬಕ್ಕಳ ಹಾಕಿ ಉಣ್ಣುತ್ತಿದ್ದವರು ಮೇಜಿಗೆ ಏರಿದರು, ಒರಳಿನ ಮುಂದೆ ಕೂರುತ್ತಿದ್ದವರು ಕಟ್ಟೆಯ ಮುಂದೆ ನಿಂತರು, ಕುಕ್ಕರಗಾಲಿನ ಶೌಚವು ಕುರ್ಚಿಯ ಶೌಚವಾಯಿತು. ಕುರ್ಚಿಗೆ ಮಂಡಿ ತೊಂಬತ್ತು ಡಿಗ್ರಿ ಬಾಗಿದರೆ ಸಾಕು. ಕುಕ್ಕರಗಾಲಿಗೆ 130ಕ್ಕೂ ಮೀರಿ ಬಾಗಬೇಕು. ಮಂಡಿಯು ಬರಿಯ ಬಾಗಿಲ ತಿರುಗಣಿಯಲ್ಲ. ಬಾಗುವಾಗ ತೊಡೆಮೂಳೆಯು ಉರುಳುತ್ತ ಜಾರುತ್ತ ಹೋಗಿ, ಪೂರ್ತಿ ನೀಡಿದಾಗ ಕೊನೆಯಲ್ಲಿ ಸ್ವಲ್ಪ ತಿರುಗಿ ಬೀಗ ಹಾಕಿಕೊಳ್ಳುತ್ತದೆ. ಎಲ್ಲ ಮಂಡಿನೋವಿಗೂ ಕುರ್ಚಿಯನ್ನೇ ದೂರುವುದು ಅವಸರವಾದೀತು. ವಯಸ್ಸು, ತೂಕ, ಹಳೆಯ ಪೆಟ್ಟು, ವಂಶ ಇವೆಲ್ಲಕ್ಕೂ ಪಾಲಿದೆ, ಅತಿಯಾಗಿ ಕುಕ್ಕರಿಸುವ ಕೆಲಸದವರ ಮಂಡಿಯೂ ಸವೆಯುತ್ತದೆ. ಆದರೆ ಬಳಸದ ಬಾಗು ಮರಳಿ ಬರುವುದು ಕಷ್ಟವೆಂಬುದನ್ನು ಅರವತ್ತು ದಾಟಿದ ಜಯನಗರದ ಯಾವ ಗೃಹಿಣಿಯಾದರೂ ದೇವರ ಮನೆಯ ಮುಂದೆ ಕೂರಲು ಹೋದಾಗ ಬಲ್ಲಳು.

ಭೈರಸಂದ್ರದ ನೆಲದಲ್ಲಿ ಈಗ ಸಂಜಯ ಗಾಂಧಿ ಆಸ್ಪತ್ರೆಯೆಂದು ಜನ ಕರೆಯುವ ಸರಕಾರಿ ಮೂಳೆಚಿಕಿತ್ಸಾ ಸಂಸ್ಥೆ ಇದೆ, ಜೆ.ಪಿ. ನಗರದಲ್ಲಿ, 1994ರಲ್ಲಿ ಸ್ಥಾಪಿತವಾದ, ಕೃತಕ ಕೈಕಾಲುಗಳನ್ನು ತಯಾರಿಸುವ, ತಯಾರಿಕೆಯನ್ನು ಕಲಿಸುವ ಮೊಬಿಲಿಟಿ ಇಂಡಿಯಾ ಇದೆ. ಇವುಗಳ ನಡುವಣ ಬೀದಿಗಳಲ್ಲಿಯೇ ‘ಪುತ್ತೂರು ಕಟ್ಟು’ ಎಂಬ ಫಲಕಗಳೂ ತೂಗುತ್ತಿವೆ. ಇದು ದಕ್ಷಿಣ ಕನ್ನಡದ ಪುತ್ತೂರಲ್ಲ. ಹಿಂದಿನ ಚಿತ್ತೂರು ಜಿಲ್ಲೆಯ ಪುತ್ತೂರು. ಅದರ ಪಕ್ಕದ ರಾಚಪಾಳೆಯದಲ್ಲಿ ಕೇಶವರಾಜು ಎಂಬವರಿಂದ 1881ರಲ್ಲಿ ಈ ಚಿಕಿತ್ಸೆ ಮೊದಲಾಯಿತೆಂದು ಆ ಪರಂಪರೆಯವರು ಹೇಳುತ್ತಾರೆ. ಸೊಪ್ಪಿನ ಲೇಪ, ಕೋಳಿಮೊಟ್ಟೆಯ ಬಿಳಿ, ಬಿದಿರಿನ ದಬ್ಬೆ, ಬಟ್ಟೆಯ ಸುತ್ತು: ಸಾಮಗ್ರಿ ಇಷ್ಟೇ. ರೈಲು ಬಸ್ಸುಗಳು ಅದನ್ನು ತಮಿಳುನಾಡಿಗೂ ಕರ್ನಾಟಕಕ್ಕೂ ಹರಡಿದವು. ಹಳ್ಳಿಯ ಕಟ್ಟು ಕಟ್ಟುವವನ ತೆರವಾದ ಗಾದಿಯನ್ನು ಪುತ್ತೂರಿನ ಹೆಸರು ತುಂಬಿತು. ಹೆಸರನ್ನು ಇಟ್ಟುಕೊಂಡವರೆಲ್ಲ ಆ ಕುಟುಂಬದವರೇ ಎಂದು ತಿಳಿಯಬೇಕಾಗಿಲ್ಲ.

ಅದೇ 1881ರಲ್ಲಿ ಜರ್ಮನಿಯ ರಿಚರ್ಡ್ ಫಾನ್ ಫೋಲ್ಕ್‌ಮನ್ ಎಂಬ ಶಸ್ತ್ರವೈದ್ಯನು, ಮುರಿದ ಕೈಗೆ ಅತಿಯಾಗಿ ಬಿಗಿದ ಕಟ್ಟಿನಿಂದ ರಕ್ತಸಂಚಾರ ನಿಂತು, ಮುಂದೋಳಿನ ಮಾಂಸಖಂಡಗಳು ಸತ್ತು ನಾರಾಗಿ, ಬೆರಳುಗಳು ಹಕ್ಕಿಯ ಉಗುರಿನಂತೆ ಸೆಟೆದು ಮಡಚಿಹೋಗುವ ವಿಪತ್ತನ್ನು ವಿವರಿಸಿದನು. ಮುಖ್ಯವಾಗಿ ಮಕ್ಕಳ ಮೊಣಕೈಯ ಮೇಲಣ ಮುರಿತದಲ್ಲಿ ಇದು ಸಂಭವಿಸುತ್ತದೆ. ಮಾಂಸಖಂಡವು ರಕ್ತವಿಲ್ಲದೆ ಆರೆಂಟು ಗಂಟೆಗಳಿಗಿಂತ ಹೆಚ್ಚು ತಾಳಲಾರದು. ನಾಟಿ ಕಟ್ಟಿನ ನಂತರ ಕೈ ಕಪ್ಪಾಗಿ ಕತ್ತರಿಸಬೇಕಾಗಿ ಬಂದ ಮಕ್ಕಳನ್ನು ನಮ್ಮ ದೇಶದ ಮೂಳೆವೈದ್ಯರು ಕಂಡಿದ್ದಾರೆ. ಹಳೆಯ ವಿದ್ಯೆಯ ದೋಷವನ್ನು ಮುಚ್ಚಿಟ್ಟು ಹೊಗಳುವುದು ಪಾಪ. ಆದರೆ ಈ ದೋಷ ಹಳೆಯದಾದುದರಿಂದ ಬಂದುದಲ್ಲ. ಬಿಗಿಯಾದ ಕಟ್ಟು ಬಾವನ್ನೂ ನೋವನ್ನೂ ತರುವುದೆಂದು ಸುಶ್ರುತನು ಹೇಳಿದ್ದನು; ಬೇಸಗೆಯಲ್ಲಿ ಮೂರು ದಿನಕ್ಕೊಮ್ಮೆ ಬಿಚ್ಚಿ ನೋಡೆಂದು ಹೇಳಿದ್ದನು. ಕೈಯಿಂದ ಕೈಗೆ ಇಳಿದು ಬಂದ ವಿದ್ಯೆಯಲ್ಲಿ ಕಟ್ಟುವುದು ಇಳಿದುಬಂದಿತು, ಬಿಚ್ಚಿ ನೋಡುವುದು ದಾರಿಯಲ್ಲಿ ಎಲ್ಲಿಯೋ ಬಿದ್ದುಹೋಯಿತು.

ಇದಕ್ಕೆ ವ್ಯತಿರಿಕ್ತವಾಗಿ ನಡೆದ ಒಂದು ದೃಷ್ಟಾಂತವನ್ನು ಹೇಳಬೇಕು. ಇಂಗ್ಲೆಂಡಿನಲ್ಲಿಯೂ ನಾಟಿ ಮೂಳೆವೈದ್ಯರಿದ್ದರು, ಅವರನ್ನು ಪದವೀಧರರು ಹಳಿಯುತ್ತಿದ್ದರು. ಸರ್ ಜೇಮ್ಸ್ ಪ್ಯಾಜೆಟ್ ಎಂಬ ದೊಡ್ಡ ಶಸ್ತ್ರವೈದ್ಯನು 1867ರಲ್ಲಿ ಅಂಥವರು ಗುಣಪಡಿಸುವ ರೋಗಗಳ ಮೇಲೆಯೇ ಉಪನ್ಯಾಸ ಮಾಡಿ, ಒಳ್ಳೆಯದನ್ನು ಕಲಿತುಕೊಳ್ಳಿ, ಕೆಟ್ಟದ್ದನ್ನು ಬಿಡಿ ಎಂಬ ಅಭಿಪ್ರಾಯವನ್ನು ತನ್ನವರ ಮುಂದಿಟ್ಟನು. ವೇಲ್ಸಿನ ನಾಟಿ ಮೂಳೆವೈದ್ಯರ ಮನೆತನದ ಇವಾನ್ ಥಾಮಸನು ಲಿವರ್‌ಪೂಲಿನಲ್ಲಿ ನೆಲಸಿ, ತನ್ನ ಐವರು ಗಂಡುಮಕ್ಕಳನ್ನೂ ವೈದ್ಯಶಾಸ್ತ್ರ ಓದಿಸಿದನು. ಅವರಲ್ಲೊಬ್ಬನಾದ ಹ್ಯೂ ಓವನ್ ಥಾಮಸನು ತಂದೆಯ ಕೈಚಳಕವನ್ನೂ ಕಾಲೇಜಿನ ಶಾಸ್ತ್ರವನ್ನೂ ಕೂಡಿಸಿ, ತೊಡೆಗೆ ಹಾಕುವ ಕಬ್ಬಿಣದ ದಬ್ಬೆಯೊಂದನ್ನು ರೂಪಿಸಿದನು. ಒಂದನೆಯ ಮಹಾಯುದ್ಧದಲ್ಲಿ ಆತನ ಹೆಂಡತಿಯ ಸೋದರಳಿಯ ರಾಬರ್ಟ್ ಜೋನ್ಸನು ಆ ದಬ್ಬೆಯನ್ನು ರಣಭೂಮಿಗೆ ಒಯ್ದಾಗ, ತೊಡೆಮೂಳೆ ಮುರಿದ ಸಿಪಾಯಿಗಳಲ್ಲಿ ನೂರಕ್ಕೆ ಎಂಬತ್ತರಷ್ಟಿದ್ದ ಮರಣವು ಇಪ್ಪತ್ತಕ್ಕಿಂತ ಕೆಳಗಿಳಿಯಿತೆಂದು ದಾಖಲೆಯಾಗಿದೆ. ಒಂದು ನಾಟಿ ಮನೆತನವು ಕಾಲೇಜಿನ ಬಾಗಿಲನ್ನು ತಟ್ಟಿದ್ದರಿಂದ, ಕಾಲೇಜು ಬಾಗಿಲನ್ನು ತೆರೆದಿದ್ದರಿಂದ ಆದ ಲಾಭವಿದು.

ನಮ್ಮಲ್ಲಿ ಬಾಗಿಲನ್ನು ಯಾರೂ ತಟ್ಟಲಿಲ್ಲ, ಯಾರೂ ತೆರೆಯಲಿಲ್ಲ. ಕಟ್ಟು ಕಟ್ಟುವವರನ್ನು ಕಾನೂನಿನಿಂದ ಓಡಿಸುವುದರಿಂದ ಪ್ರಯೋಜನವಿಲ್ಲವೆಂದು ನನಗೆ ತೋರುತ್ತದೆ. ಮೊದಲೇ ಬಡವರ, ಶಸ್ತ್ರಚಿಕಿತ್ಸೆಗೆ ಅಂಜುವವರ ಕಾಲು ತಾನಾಗಿಯೇ ಆ ಕಡೆಗೆ ನಡೆಯುತ್ತದೆ. ಎಕ್ಸ್‌ರೇ ಇಲ್ಲದೆ ಕಟ್ಟಬಾರದು, ಚರ್ಮ ಹರಿದ ಮುರಿತವನ್ನೂ ಮಕ್ಕಳ ಮೊಣಕೈಯ ಮುರಿತವನ್ನೂ ಮುಟ್ಟದೆ ಆಸ್ಪತ್ರೆಗೆ ಕಳುಹಿಸಬೇಕು, ಕಟ್ಟಿದ ಮರುದಿನವೇ ನೋಡಬೇಕು ಎಂಬ ನಿಯಮಗಳನ್ನು ಸರಕಾರಿ ಆಸ್ಪತ್ರೆಗಳೇ ಅವರಿಗೆ ಕಲಿಸಲಿ. ಅಷ್ಟು ಕಲಿಸುವುದಕ್ಕೆ ಪದವಿ ಬೇಡ, ಕೆಲವು ದಿನಗಳ ಶಿಬಿರ ಸಾಕು. ಇನ್ನು ಓದುಗರಿಗೆ ಹೇಳಬೇಕಾದುದು ಇಷ್ಟು. ಕಟ್ಟನ್ನು ಎಲ್ಲಿಯೇ ಹಾಕಿಸಿಕೊಂಡಿರಿ, ಆಸ್ಪತ್ರೆಯ ಪ್ಲಾಸ್ಟರೇ ಆಗಲಿ, ಬಿದಿರಿನ ದಬ್ಬೆಯೇ ಆಗಲಿ. ಅದರ ಆಚೆಗೆ ತೋರುವ ಬೆರಳುಗಳು ತಣ್ಣಗಾಗಿ, ನೀಲಿಗಟ್ಟಿ, ಜೋಮು ಹಿಡಿದರೆ, ಅಥವಾ ಬೆರಳನ್ನು ಮೆಲ್ಲನೆ ನೀಡಿದರೂ ಪ್ರಾಣ ಹೋಗುವಂಥ ನೋವಾದರೆ, ಕಟ್ಟಿದವನ ಅಪ್ಪಣೆಗೆ ಕಾಯದೆ, ಬೆಳಗಾಗುವುದನ್ನೂ ಕಾಯದೆ, ಬಟ್ಟೆಯ ಕಟ್ಟಾದರೆ ಆ ಕ್ಷಣವೇ ಬಿಚ್ಚಿರಿ, ಪ್ಲಾಸ್ಟರಾದರೆ ಅದನ್ನು ಕತ್ತರಿಸುವ ಆಸ್ಪತ್ರೆಗೆ ಆ ರಾತ್ರಿಯೇ ಹೋಗಿರಿ.